ಮಸ್ಟರು

ಗೋಣಿಕೊಪ್ಪದ ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ತಂದದ್ದು.
ಇಪ್ಪತ್ತು ಜೀಬಿ, ಇಟ್ಟಿಗೆಯಂಥ ತೂಕ,
ಮೈಮೇಲೆ ಮಾರ್ಕರಿನಲ್ಲಿ ಬರೆದ ತೋಟದ ಹೆಸರು ಅರ್ಧ ಮಾಸಿದೆ.
ತೋಟ ಕೈ ಬದಲಾಯಿಸಿತು. ಹೊಸಬರು
ಒಳಗಿದ್ದದ್ದನ್ನೆಲ್ಲ ಅಳಿಸಿಯೇ ಎಸೆದರಂತೆ.

ಅಳಿಸಿದ್ದೇವೆ ಅಂದುಕೊಳ್ಳುತ್ತಾರೆ ಜನ.
ಹಳೇ ಡಿಸ್ಕು ಸೋಮಾರಿ.
ಕಡತದ ಹೆಸರಿನ ಮೊದಲ ಅಕ್ಷರ ಒಂದನ್ನು ಕೆರೆದು,
ಈ ಜಾಗ ಖಾಲಿ ಎಂದು ಸುಳ್ಳು ಹೇಳಿ
ಕೈ ತೊಳೆದುಕೊಳ್ಳುತ್ತದೆ.
ಒಳಗಿನದು ಒಳಗೇ ಇರುತ್ತದೆ,
ಮೇಲೆ ಬೇರೊಬ್ಬರು ಬಂದು ಕೂರುವ ತನಕ.

ಬೊಳ್ಳಚ್ಚಿ ಬಂದದ್ದು ಸಂತೆ ಮುಗಿಸಿ.
ಲ್ಯಾಮಿನೇಷನ್ ಮೆಷಿನ್ ಬಿಸಿಯಾಗುತ್ತಿತ್ತು.
"ಹಂಸಣ್ಣಾ, ನಮ್ಮ ತೋಟದ ಪೆಟ್ಟಿಗೆ ನಿನ್ನ ಹತ್ರ ಉಂಟಂತೆ."
ಪಿ.ಎಫ್. ಇರಬೇಕು, ಗ್ರಾಚುಟಿ ಇರಬೇಕು ಅಂದುಕೊಂಡೆ.
ಅಲ್ಲ.
"ನಮ್ಮ ಹುಡುಗ ಹುಟ್ಟಿದ ದಿನ ಬೇಕು.
ಮೇಷ್ಟ್ರು ಜೂನ್ ಒಂದು ಅಂತ ಬರೆದ್ರು.
ಇಡೀ ಹಾಡಿಗೇ ಜೂನ್ ಒಂದು.
ಲೈನ್ ಮನೇಲಿ ಹೆತ್ತದ್ದು. ಕಾಫಿ ಹೂ ಬಿಟ್ಟಿತ್ತು,
ಮೆಣಸು ಕುಯ್ಯೋ ಕಾಲ, ಏಣಿ ಹತ್ತೋಕಾಗಲ್ಲ ಅಂತ ಮಲಗಿದ್ದೆ.
ಕುಂಞಂಬು ರೈಟರು ಬಿಡೋರಲ್ಲ,
ಕೂಲಿ ಮುರ್ಕೊಳ್ಳೋಕಾದ್ರೂ ಬರೆದಿರ್ತಾರೆ."

ರಾತ್ರಿ ಶಟರ್ ಎಳೆದು ಕೂತೆ.
ಡಿಸ್ಕು ಒಮ್ಮೆ ಕೆಮ್ಮಿತು, ಟಕ್ ಟಕ್ ಎಂದಿತು,
ಆಮೇಲೆ ಏನೋ ನೆನಪಾದವರ ಹಾಗೆ ತಿರುಗತೊಡಗಿತು.
ತಲೆಯಿಲ್ಲದ ಹೆಸರುಗಳು ಎದ್ದು ಬಂದವು:
?ಸ್ಟರ್ ಫೆಬ್ರವರಿ, ?ಸ್ಟರ್ ಮಾರ್ಚ್,
?ಳೆ ಲೆಕ್ಕ (ಮಳೆಯೋ ಕಳೆಯೋ, ಯಾರಿಗೆ ಗೊತ್ತು).
ಮೇ ತಿಂಗಳಿಂದಾಚೆ ಎಲ್ಲದರ ಮೇಲೂ
ಯಾರದೋ ನಾಯಿಯ ಫೋಟೋ,
ನಲವತ್ತು ಫೋಟೋ, ನಲವತ್ತರಲ್ಲೂ ಅದೇ ನಾಯಿ.

ಮಾರ್ಚ್ ತೆರೆದರೆ ಕೊಂಬು ಬಾಲದ ಇಂಗ್ಲಿಷ್ ಅಕ್ಷರ,
ಪುಟದ ತುಂಬ ಚೇಳು ಹರಿದ ಹಾಗೆ.
ಆ ಕಾಲದ ಕನ್ನಡ ಫಾಂಟು ಹುಡುಕಿ ಹಾಕಿದೆ.
ಮೂವತ್ತಾರು ಆಳು ತಟ್ಟನೆ ಸಾಲಾಗಿ ನಿಂತರು.
ಬಂದವರಿಗೆ ಹಾ, ಬಾರದವರಿಗೆ ಗೈ.

ಬೊಳ್ಳಚ್ಚಿ ೧. ಬೊಳ್ಳಚ್ಚಿ ೨. ಬೊಳ್ಳಚ್ಚಿ ೩.

ಮರುದಿನ ಕೇಳಿದೆ, ನಿನ್ನ ನಂಬರ್ ಯಾವುದು?
"ನಂಬರಾ? ನಮಗೆ ಯಾರು ಹೇಳಿದ್ರು?"
ಒಂದರ ಸಾಲಿನಲ್ಲಿ ಭಾನುವಾರ ಬಿಟ್ಟರೆ ಒಂದೂ ಗೈ ಇಲ್ಲ.
ಎರಡರಲ್ಲಿ ಹದಿನೆಂಟರಿಂದ ತಿಂಗಳ ಕೊನೆವರೆಗೂ ಗೈ.
ಬಾಣಂತಿ ಇವಳೇ ಎಂದು ಬೆರಳಿಟ್ಟೆ.
ಬೊಳ್ಳಚ್ಚಿ ನಕ್ಕಳು. "ಅಷ್ಟು ದಿನ ಯಾರು ಮಲಗೋಕೆ ಬಿಡ್ತಾರೆ?"
ಆಮೇಲೆ ನಗು ನಿಂತಿತು.
"ಅದು ನಮ್ಮ ನಾದಿನಿ. ಕೆರೆ ದಾರೀಲಿ ಆನೆ."

ಏಪ್ರಿಲ್ ತೆರೆದೆ. ಬೊಳ್ಳಚ್ಚಿ ೧. ಬೊಳ್ಳಚ್ಚಿ ೨.
ಅಷ್ಟೇ.
ಮೂರನೆಯವಳನ್ನು ಎರಡು ಮಾಡಿದ್ದರು ರೈಟರು.

ಮತ್ತೆ ಮಾರ್ಚ್, ಮೂರರ ಸಾಲು.
ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಗೈ.
ಹದಿಮೂರಕ್ಕೆ ಅರ್ಧ ಹಾಜರಿ.
"ನಾಲ್ಕೂ ನಂದೇ," ಎಂದಳು, ಗದ್ದೆಯ ಗಡಿ ತೋರಿಸುವವಳ ಹಾಗೆ.
"ಐದನೇ ದಿನ ಕೂಸನ್ನ ಬುಟ್ಟೀಲಿ ಮಲಗಿಸಿ
ನೆಲಕ್ಕೆ ಬಿದ್ದ ಮೆಣಸು ಆರಿಸಿದ್ದೆ.
ಎಂಟರ ರಾತ್ರಿ, ಕೋಳಿ ಕೂಗೋ ಮುಂಚೆ ಹುಟ್ಟಿದ್ದು.
ಅದು ಎಂಟಾ, ಒಂಬತ್ತಾ?"
ಗಡಿಯಾರದವರ ಲೆಕ್ಕದಲ್ಲಿ ಒಂಬತ್ತು ಎಂದೆ.

ಹುಡುಗ ಕುಶಾಲನಗರದಲ್ಲಿ ಟಿಪ್ಪರ್ ಓಡಿಸುತ್ತಾನೆ,
ಲೈಸೆನ್ಸಿನಲ್ಲಿ ಜೂನ್ ಒಂದೇ ಇರಲಿ ಬಿಡು ಅಂದನಂತೆ.
"ಇರಲಿ. ಬೇಕಾದ್ದು ನನಗೆ."
ಪ್ರಿಂಟು ತೆಗೆದು ಆ ಒಂದು ಸಾಲು ಕತ್ತರಿಸಿ ಕೊಟ್ಟೆ.
ಮೆಟ್ಟಿಲಿಳಿದು, ಬಸ್ಸಿಗೆ ಕೈ ಮಾಡಿ, ಬಸ್ಸನ್ನು ಬಿಟ್ಟು,
ತಿರುಗಿ ಬಂದು ಎರಡರ ಸಾಲನ್ನೂ ಕೇಳಿದಳು.
ಎರಡನ್ನೂ ಒಂದೇ ಪ್ಲಾಸ್ಟಿಕ್ಕಿನೊಳಗೆ ಹಾಕಿ ಬಿಸಿಗೆ ಕೊಟ್ಟೆ.

ಡಿಸ್ಕಿಗೆ ಚೀಟಿ ಅಂಟಿಸಿದ್ದೇನೆ, ಇದರ ಮೇಲೆ ಏನೂ ಬರೆಯಬೇಡಿ.
ಅಂಗಡಿಯ ಹುಡುಗ ಸಿನಿಮಾ ತುಂಬಿಸಲು ದಿನಾ ಕೇಳುತ್ತಾನೆ.
ಅವನದೂ ತಪ್ಪಲ್ಲ.
ಸಿಕ್ಕಿಸಿ ನೋಡಿದರೆ ಪರದೆ ಈಗಲೂ
ಹತ್ತೊಂಬತ್ತು ಜೀಬಿ ಖಾಲಿ ಅಂತಲೇ ತೋರಿಸುತ್ತದೆ.