ಬೇರಿಯಂ

ಆಂತೊಫಗಾಸ್ತಾದ ಆಸ್ಪತ್ರೆ. ಬೆಳಗಿನ ಏಳು.
ಲೋಟದ ತುಂಬ ಸುಣ್ಣದ ತಿಳಿಯಂಥದು.
"ನಿಲ್ಲಿಸದೆ ಕುಡೀರಿ, ದೋನ್ ಎವಾರಿಸ್ತೋ" ಅಂದಳು ನರ್ಸ್.

ಮೂವತ್ತೊಂದು ವರ್ಷ ಮರುಭೂಮಿಯ ಗುಡ್ಡದ ಮೇಲೆ
ದೂರದರ್ಶಕ ತಿರುಗಿಸಿದವನು;
ಹಗಲು ನಿದ್ದೆ, ರಾತ್ರಿಯಿಡೀ
ಕೆಂಪು ಮುದಿ ನಕ್ಷತ್ರಗಳ ಕಾವಲು.
ಬಣ್ಣದ ಪಟ್ಟಿಯಲ್ಲಿ ಕೂದಲೆಳೆಯ ಕಪ್ಪು ಗೆರೆ ತೋರಿಸಿ
ಯಾರೋ ಹೇಳಿದ್ದರು: ನೋಡು, ಬೇರಿಯಂ.

ಉಬ್ಬಿ, ಕೆಮ್ಮಿ, ಮೈಯ ಪದರ ಕಳಚುತ್ತ
ಸಾಯಹೊರಟ ನಕ್ಷತ್ರದ ಹೊಟ್ಟೆಯಲ್ಲಿ
ಕಬ್ಬಿಣದ ಕಾಳೊಂದರ ಬಾಗಿಲಿಗೆ
ಒಂದು ನ್ಯೂಟ್ರಾನ್ ಬರುತ್ತದೆ. ಒಳಗೆ ಸೇರುತ್ತದೆ.
ಆಮೇಲೆ ಹತ್ತಾರು ವರ್ಷ
ಯಾರೂ ಇತ್ತ ಹಾಯುವುದಿಲ್ಲ.
ಬಂದದ್ದು ತಾಳಲಾರದೆ
ಪ್ರೋಟಾನಾಗಿ ಮಗ್ಗುಲು ಬದಲಿಸಿದರೆ
ಕಾಳಿನ ಹೆಸರೇ ಬೇರೆ; ಒಂದು ಮೆಟ್ಟಿಲು ಮೇಲೆ.
ಮತ್ತೆ ಕಾಯುವುದು.
ಬೇರಿಯಮ್ಮಿಗೆ ಇನ್ನೂ ಎಷ್ಟೊಂದು ಮೆಟ್ಟಿಲು.

ತಾನೂ ಮುದುಕನಾಗುವ ತನಕ
ಇದನ್ನು ಪೂರ್ತಿ ನಂಬಿರಲಿಲ್ಲ ಎವಾರಿಸ್ತೋ.

ಕುಡಿದ. ನಾಲಗೆಗೆ ಸೀಮೆಸುಣ್ಣ.
ತೆರೆಯ ಮೇಲೆ ತನ್ನದೇ ಹೊಟ್ಟೆ, ಮಡಿಕೆ ಮಡಿಕೆಯಾಗಿ,
ಬೆಳ್ಳಗೆ ಹೊತ್ತಿಕೊಂಡಿತು.
ಡಾಕ್ಟರ ಬೆರಳು ಒಂದು ಕಡೆ
ತುಸು ಹೆಚ್ಚೇ ಹೊತ್ತು ನಿಂತಿತು.

ಅವನು ಹಳೆಯ ಅಭ್ಯಾಸದಿಂದ ಕೇಳಿದ:
"ಫೋಕಸ್ ಸರಿಯಿದೆಯಾ?"