ಬಲಗಣ್ಣು, ಎಡಗಣ್ಣು

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ
ನಾನು ಗಾಜು ತಿಕ್ಕುವವಳು.
ಅಂಗಡಿಯ ಹೆಸರು ಕಣ್ಮಣಿ. ಇಟ್ಟವರು ಧರಣೇಂದ್ರಯ್ಯನವರು,
ಬೋರ್ಡು ಬರೆಸಿದ್ದು ಸೈಕಲ್ಲಿಗೆ ಡೈನಮೋ ಇದ್ದ ಕಾಲದಲ್ಲಿ.

ಇಂಟರ್ನೆಟ್ಟಿನಲ್ಲೂ ಅದೇ ಹೆಸರು ತಗೊಂಡಿದ್ದರು,
ವರ್ಷಕ್ಕೆ ಏಳುನೂರು ಚಿಲ್ಲರೆ.
ದುಡ್ಡು ಕಟ್ಟಿ ಎಂದು ಮೂರು ಸಲ ಮೇಲ್ ಬಂದಿತ್ತು.
ನಮ್ಮ ಹಳೇ ಕಂಪ್ಯೂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ,
ಸಾಲಾಗಿ, ಗದ್ದೆಯಲ್ಲಿ ಕೊಕ್ಕರೆ ನಿಂತ ಹಾಗೆ.
ಪ್ರಶ್ನೆ ಕೇಳಿದೋರೇ ಉತ್ತರಾನೂ ಬರಕೊಳ್ಳಲಿ ಅಂತ ಅಳಿಸಿದೆ.
ಅಳಿಸಿದವಳು ನಾನೇ.
ಇದನ್ನು ಅವರಿಗಿನ್ನೂ ಹೇಳಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ
ನಮ್ಮ ಹೆಸರು ಒತ್ತಿದರೆ ಮಕ್ಕಳ ಫ್ರಾಕು ಬಂತು.
ಗುಲಾಬಿ, ಹಳದಿ, ಎದೆಗೊಂದು ಬಾತುಕೋಳಿ.
ಕೊಯಮತ್ತೂರಿನ ಮಂಗೈಯರ್ಕರಸಿ ಎಂಬಾಕೆ
ಹೊಲಿದು ಮಾರುವ ಅಂಗಡಿ.
ಕಣ್ಮಣಿ ಅಂದರೆ ಅವರಲ್ಲಿ ಮುದ್ದು ಮಗುವಂತೆ.

ಬೀದಿಗೆ ಬೀದಿಯೇ ಪಂಚಾಯ್ತಿಗೆ ಕೂತಿತು.
ಬೀಗ ರಿಪೇರಿಯ ಮೆಹಬೂಬಣ್ಣ:
"ಬೋರ್ಡು ನಿಮ್ಮ ತಲೆ ಮೇಲೇ ಇದೆಯಲ್ಲ ಸ್ವಾಮೀ, ಕಳೆದಿದ್ದೇನು?"
ವಕೀಲ ಹುಚ್ಚರಾಯಪ್ಪ:
"ಕೇಸು ಹಾಕಬಹುದು. ಜಿನೀವಾದಲ್ಲಿ."
"ಬಸ್ಸು ಎಷ್ಟು ಹೊತ್ತಿಗೆ?" ಅಂದರು ಧರಣೇಂದ್ರಯ್ಯ, ನಗದೆ.
ಟೈಪಿಂಗಿನ ತಬಸ್ಸುಮ್ ಚಹಾ ಹೀರುತ್ತ ಅಂದಳು:
"ಶಿಮೊಗ್ಗ ಹೋಗಿ ಶಿವಮೊಗ್ಗ ಬಂದಾಗ
ನನ್ನ ಮೂರು ರೀಮು ಲೆಟರ್‌ಹೆಡ್ಡು ರದ್ದಿಗೆ ಹೋಯ್ತು.
ನಾನು ಯಾರ ಮೇಲೆ ಹಾಕಲಿ?"

ಕೊನೆಗೆ ಅವರು ಹೇಳಿದರು, ಅವಳು ನುಡಿಯಲ್ಲಿ ಕುಟ್ಟಿದಳು.
ಎರಡು ಪುಟ. ಕಳ್ಳತನ, ಮಾನ, ನಲವತ್ತೊಂದು ವರ್ಷ,
ಒಂದು ಕಡೆ ಧಿಕ್ಕಾರ.
ಆ ಕಡೆ ನುಡಿ ಫಾಂಟು ಇರಲಿಲ್ಲ.
ತನ್ನ ಪರದೆಯ ಫೋಟೋ ತೆಗೆದು ಆಕೆಯೇ ಕಳಿಸಿದಳು:
ತಲೆಗೆ ಗೀಟು ಬಿದ್ದ ಎ, ಎರಡು ಚುಕ್ಕಿ ಹೊತ್ತ ಇನ್ನೊಂದು ಎ,
ಪದ ಪದದ ನಡುವೆ ಪೌಂಡಿನ ಗುರುತು.
ನಮ್ಮ ಸಿಟ್ಟಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು.

ಫೋಟೋದ ಕೆಳಗೆ ಆಕೆಯ ಮಾತು. ತಮಿಳಿರಬೇಕು.
ನಮಗೆ ಕಂಡದ್ದು ಚೌಕ, ಚೌಕ, ಚೌಕ,
ಗಾಜು ಕೂರಿಸದ ಫ್ರೇಮುಗಳು.
ಧರಣೇಂದ್ರಯ್ಯ ಕನ್ನಡಕ ಬದಲಿಸಿದರು,
ಎರಡು ಹೆಜ್ಜೆ ಹಿಂದೆ ಹೋದರು,
ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿದರು.
ಕೆಳಗಿನ ಸಾಲು ಓದಿ, ಕೆಳಗಿನ ಸಾಲು ಓದಿ
ಎಂದು ಊರಿಗೆಲ್ಲ ಹೇಳುತ್ತ ಬಂದವರು
ಕೆಳಗಿನ ಸಾಲಿನ ಮುಂದೆ ಸುಮ್ಮನೆ ನಿಂತರು.
ಬೈದಿದ್ದಾಳೋ, ಕ್ಷಮೆ ಕೇಳಿದ್ದಾಳೋ, ರೇಟು ಹೇಳಿದ್ದಾಳೋ.

ಆಮೇಲೆ ಶುರುವಾಯಿತು ಇದು.
ನಮ್ಮ ಗಿರಾಕಿಗಳು ಹಳೇ ವಿಳಾಸಕ್ಕೇ ಬರೆಯುತ್ತಾರೆ,
ಅದು ಫ್ರಾಕಿನಂಗಡಿಗೆ ಹೋಗುತ್ತದೆ.
ಆಕೆ ಒಂದೊಂದನ್ನೂ ನಮಗೆ ವಾಪಸು ದಾಟಿಸುತ್ತಾಳೆ,
ರಾತ್ರಿ ಹತ್ತರ ಮೇಲೆ, ಹೊಲಿಗೆ ಮುಗಿದ ಮೇಲೆ ಇರಬೇಕು.
ಶಿವಮೊಗ್ಗದಿಂದ ಕೊಯಮತ್ತೂರಿಗೆ ಹೋಗಿ ಬರುವುದರಲ್ಲಿ
ಅಕ್ಷರಗಳ ಕೈಕಾಲು ಉಳಿಯುವುದಿಲ್ಲ.
ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ,
ರಿಪ್ಪನ್‌ಪೇಟೆ ಎಂಬುದು ಚೌಕ ಪ್ರಶ್ನೆ ಚೌಕ.

ಅಂಕಿ ಮಾತ್ರ ಅಂಕಿಯಾಗಿಯೇ ಬರುತ್ತದೆ.
ಮೈನಸ್ ಎರಡೂಕಾಲು. ಪ್ಲಸ್ ಒಂದೂವರೆ. ಆಕ್ಸಿಸ್ ತೊಂಬತ್ತು.

ಧರಣೇಂದ್ರಯ್ಯ ಎರಡನೇ ಕಾಗದ ಬರೆದಿದ್ದಾರೆ, ಕೈಯಲ್ಲೇ.
ಡ್ರಾಯರಿನಲ್ಲಿದೆ. ಕಳಿಸು ಅನ್ನಲಿಲ್ಲ, ಹರಿ ಅನ್ನಲಿಲ್ಲ.
ಹೆಸರು ಈಗಲೂ ಆಕೆಯದೇ.

ನಾನು ಅಂಕಿ ನೋಡಿ ಗಾಜು ತಿಕ್ಕಿದೆ.
ಎರಡು ಜೊತೆ ತಯಾರಾಗಿ ಮೇಜಿನ ಮೇಲಿವೆ,
ಯಾರವೆಂದು ಗೊತ್ತಿಲ್ಲ.
ನಿನ್ನೆಯಿಂದ ಬಾಗಿಲಿಗೆ ಬಂದವರನ್ನೆಲ್ಲ ಕೂರಿಸುತ್ತೇನೆ,
ವಿಳಾಸ ಕೇಳಲು ಬಂದವರನ್ನೂ, ಚಂದಾ ಎತ್ತುವವರನ್ನೂ.
ಹಾಕಿ ನೋಡಿ, ಅನ್ನುತ್ತೇನೆ.
ಏನು ಕಾಣುತ್ತೆ ಹೇಳಿ.