ಸವಕಳಿ ಕಳೆದು

ಬಾ ತಮ್ಮಾ, ಆ ಕುರ್ಚಿ ಇನ್ನೂ ಒದ್ದೆ,
ಕಿಟಕಿ ಕಟ್ಟೆಯ ಮೇಲೆ ಕೂತು ಬರೆದುಕೋ.
ಹೆಸರು ಐಲಾ ಕೋಸ್ಕೆಲಾ. ಊರು ಡುಲೂತ್, ಎರಡನೇ ಮಹಡಿ.
ಕೆರೆಯೆಂದು ಕರೆದರೂ ಕಡಲಿನಷ್ಟಿರುವ ನೀರು
ಬಂದರಿನಲ್ಲಿ ಹೆಪ್ಪುಗಟ್ಟಿ ಸುಮ್ಮನಿದೆ;
ಸುಮ್ಮನಿರದೆ ಹೋದದ್ದು ಮೇಲಿನ ಮನೆಯ ಕೊಳಾಯಿ.
ಮೊನ್ನೆ ನಸುಕಿಗೆ ಒಡೆದು ಮೂರು ತಾಸು
ನನ್ನ ಸೂರಿನಿಂದ ಇಳಿಯಿತು. ಆಗ ನಾನು
ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೆ,
ಊರವರ ಹಾಸಿಗೆ ಬಟ್ಟೆ ಒಣಗಿಸುತ್ತ.

ಗೋಡೆ ಮಾಲೀಕನದು, ಅದಕ್ಕೆ ಅವನ ವಿಮೆ.
ಗೋಡೆಗೆ ಹೊಡೆದ ಮೊಳೆ ನನ್ನದು,
ಮೊಳೆಗೆ ತೂಗಿದ್ದೆಲ್ಲ ನನ್ನದು.
ಇಷ್ಟು ತಿಳಿಯಲು ನನಗೆ
ಹನ್ನೊಂದು ಬಾಡಿಗೆ ಮನೆ ಬೇಕಾದವು.
ತಿಂಗಳಿಗೆ ಹದಿನಾಲ್ಕು ಡಾಲರ್ ಅಂದಾಗ
ತಂಗಿ ರಿಟ್ವಾ ಬಿದ್ದು ಬಿದ್ದು ನಕ್ಕಳು:
'ನಿನ್ನ ಮನೆಗೆ ಬಂದ ಕಳ್ಳ
ಮರುಗಿ ಏನಾದರೂ ಇಟ್ಟು ಹೋದಾನು!'

ಸೋಫಾ, ಬರೆ. ಆರು ವರ್ಷ. ರಸೀದಿ ಇಲ್ಲ,
ರಸೀದಿಯ ಡಬ್ಬಿಯೇ ಮೊದಲು ತೋಯ್ದದ್ದು.
ಟಿವಿ. ಹಾಸಿಗೆ. ಚಳಿಗಾಲದ ಬೂಟು, ಒಂದೇ ಜೊತೆ.
ಕಾಫಿ ಯಂತ್ರ ಬೇಡ, ಅದು ಮೊದಲೇ ಕೆಟ್ಟಿತ್ತು,
ಸುಳ್ಳು ಯಾಕೆ.

ಏನಂದೆ? ಸವಕಳಿ?
ಹಳತಾದಷ್ಟೂ ಬೆಲೆ ಇಳಿಯುತ್ತದೆ, ಅಷ್ಟು ಕಳೆದು ಕೊಡುತ್ತೀರಿ.
ಸರಿ. ಹಾಗಾದರೆ ಬೆನ್ನ ಹಿಂದೆ ನೋಡು,
ಗಾಜಿನಾಚೆ, ಕಂಬಿಯ ಮೇಲೆ, ಆ ಚಿಂದಿ ಹಾಸು.
ಕಬ್ಬಿಣದ ಗಣಿಯಿಂದ ಮರಳಿದ ಅಂಗಿಗಳನ್ನು
ಬೆರಳಗಲ ಹರಿದು ಅಜ್ಜಿ ನೇಯ್ದದ್ದು.
ಮಗ್ಗ ಹತ್ತುವ ಮೊದಲೇ ಸವೆದು ಮುಗಿದಿತ್ತು ಅದು.
ಅಲ್ಲಿಂದೀಚೆಗೆ ಎಪ್ಪತ್ತು ವರ್ಷ ಕಾಲಡಿ.
ಕಳೆ ನೋಡೋಣ, ನಿನ್ನ ಯಂತ್ರದಲ್ಲಿ.
ಸೊನ್ನೆಯಿಂದ ಎಷ್ಟು ಕಳೆಯುತ್ತೀ?

ಮುಖ ಸಪ್ಪಗೆ ಮಾಡಬೇಡ.
ಹಾಸು ಒಂದು, ಇಪ್ಪತ್ತು ಡಾಲರ್ ಎಂದೇ ಬರೆ,
ನಾನು ಜಗಳಕ್ಕೆ ನಿಂತವಳಲ್ಲ.
ಅಜ್ಜಿಯನ್ನು ತಂದುಕೊಡು ಎಂದು
ಹದಿನಾಲ್ಕು ಡಾಲರಿಗೆ ನಾನು ಕೇಳಿರಲೂ ಇಲ್ಲ.
ಸೋಮವಾರ ಒಣಗಿದ ಬೂಟು ಮೆಟ್ಟಿ
ಕೆಲಸಕ್ಕೆ ಹೋಗಬೇಕು, ರಾತ್ರಿ ಮಲಗಲು
ಬೆಚ್ಚನೆಯದೊಂದು ಇರಬೇಕು,
ಯಾರ ಬಾಗಿಲೂ ತಟ್ಟದೆ. ಕಾಗದದ ಮಾತು ಅಷ್ಟೇ.

ಆಯಿತಾ? ಸಹಿ ಇಲ್ಲಿ?

ಇನ್ನು ಪೆನ್ನು ಜೇಬಿಗಿಡು, ಕೈಗವಸು ಹಾಕಿಕೋ.
ಒದ್ದೆಯಲ್ಲೇ ಹೊರಗೆ ಹಾಕಿದ್ದೆ,
ಚಳಿಗೆ ಸೆಟೆದು ಬಾಗಿಲಿನಷ್ಟು ಬಿರುಸಾಗಿದೆ,
ಕೆಂಪು ಪೂರಾ ನೀಲಿಗಿಳಿದಿದೆ.
ಮಡಿಸಿದರೆ ಮುರಿದೀತು.
ಬಾ, ಆ ತುದಿ ಹಿಡಿ.